ಕಡಿಮೆ ಬೆಲೆಯ ಟಿವಿ: ಮೊದಲು ಕಪ್ಪು ನೋಡಿ



ಹೊಸ ಟಿವಿ ಕೊಳ್ಳಬೇಕೆಂದಿರುವವರು ಯಾರೇ ಸಿಗಲಿ, ಮೊದಲು ಕೇಳುವುದು ‘ಯಾವ ಕಂಪನಿಯದು ಒಳ್ಳೆಯದು?’ ಅಂತ. ನಾನು ತಿರುಗಿ ಕೇಳುವುದು ಬೇರೆ. ನೀವು ಹೆಚ್ಚಾಗಿ ಹಗಲು ನೋಡುತ್ತೀರೋ ರಾತ್ರಿಯೋ? ಟಿವಿಯಿಂದ ಎಷ್ಟು ಅಡಿ ದೂರ ಕೂರುತ್ತೀರಿ? ಮನೆಯಲ್ಲಿ ಗೇಮ್ ಆಡುವ ಮಕ್ಕಳಿದ್ದಾರೆಯೇ? ಇಷ್ಟು ಗೊತ್ತಾದರೆ ಕಂಪನಿಯ ಹೆಸರು ಆಮೇಲೆ ತಾನಾಗಿ ಬರುತ್ತದೆ. ಲಕ್ಷಗಟ್ಟಲೆ ಬೆಲೆಯ ಟಿವಿ ಕೊಳ್ಳುವವರಿಗೆ ನನ್ನ ಸಲಹೆ ಬೇಕಾಗಿಲ್ಲ. 25,000ದಿಂದ 45,000 ರೂಪಾಯಿಯ ಒಳಗೆ, ಬಹುಶಃ ಕಂತಿನಲ್ಲಿ, ಮನೆಮಂದಿಯೆಲ್ಲ ಸಿನಿಮಾ ನೋಡುವಂಥ ಮತ್ತು ಮಕ್ಕಳು ಗೇಮ್ ಆಡುವಂಥ ಒಂದೇ ಟಿವಿ ಹುಡುಕುತ್ತಿರುವವರಿಗೆ ಇವತ್ತಿನ ಮಾತು.

ಈಗ ಕೊಳ್ಳಲು ಕಾಲವೂ ಅನುಕೂಲವಾಗಿದೆ. 32 ಇಂಚು ಮತ್ತು ಅದಕ್ಕಿಂತ ಚಿಕ್ಕ ಟಿವಿಗಳಿಗೆ 2019ರ ಜನವರಿಯಿಂದ ಶೇಕಡಾ 18 ಜಿಎಸ್‌ಟಿ ಇತ್ತು. ಅದಕ್ಕಿಂತ ದೊಡ್ಡದಕ್ಕೆ ಶೇಕಡಾ 28. ಎಷ್ಟೋ ಕುಟುಂಬಗಳು 32 ಇಂಚಿಗೇ ನಿಂತುಬಿಡಲು ಈ ತೆರಿಗೆಯೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ತೆರಿಗೆಯೂ 18ಕ್ಕೆ ಇಳಿಯಿತು. ಹಾಗಾಗಿ 43 ಇಂಚು, 50 ಇಂಚು, 55 ಇಂಚು ಈಗ ಸಾಮಾನ್ಯ ಮನೆಯ ಲೆಕ್ಕಾಚಾರದೊಳಗೆ ಬಂದಿವೆ. ಆದರೆ ಇದೇ ಬೆಲೆಯ ಪಟ್ಟಿಯಲ್ಲಿ ನಿಜವಾಗಿ ಒಳ್ಳೆಯ ಟಿವಿಯೂ ಇದೆ, ಹೆಸರಿಗಷ್ಟೇ ದೊಡ್ಡದಾದ ಟಿವಿಯೂ ಇದೆ. ಎರಡರ ಪೆಟ್ಟಿಗೆಯ ಮೇಲೂ ಅವೇ ಅಕ್ಷರಗಳು: 4ಕೆ, ಎಚ್‌ಡಿಆರ್, ಕ್ಯೂಎಲ್‌ಇಡಿ, ಡಾಲ್ಬಿ. ಪೆಟ್ಟಿಗೆ ಓದಿ ಆರಿಸಲು ಹೊರಟರೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ನಾನು ಮೊದಲು ನೋಡುವುದು ಕಪ್ಪನ್ನು. ಪರದೆಯಲ್ಲಿ ಕಪ್ಪು ಇರಬೇಕಾದ ಜಾಗದಲ್ಲಿ ನಿಜವಾಗಿ ಕಪ್ಪು ಕಾಣುತ್ತದೆಯೋ, ಬೂದು ಕಾಣುತ್ತದೆಯೋ ಎಂಬುದನ್ನು. ಕಡಿಮೆ ಬೆಲೆಯ ಟಿವಿಗಳಲ್ಲಿ ಸಿನಿಮಾ ಗೆಲ್ಲುವುದೂ ಸೋಲುವುದೂ ಅಲ್ಲೇ.

ಕಾರಣ ಹೇಳುತ್ತೇನೆ. ಈ ಬೆಲೆಯಲ್ಲಿ ಸಿಗುವ ಟಿವಿಗಳೆಲ್ಲ ಎಲ್‌ಸಿಡಿ ಪರದೆಯವು. ಎಲ್‌ಇಡಿ ಅನ್ನಲಿ, ಕ್ಯೂಎಲ್‌ಇಡಿ ಅನ್ನಲಿ, ಒಳಗಿರುವುದು ಅದೇ. ಪರದೆಯ ಹಿಂದೆ ಎಲ್‌ಇಡಿ ದೀಪಗಳು ಸದಾ ಉರಿಯುತ್ತಿರುತ್ತವೆ. ಮುಂದಿರುವ ದ್ರವಸ್ಫಟಿಕದ ಪದರ ಒಂದೊಂದು ಚುಕ್ಕೆಯಲ್ಲೂ ಕಿಟಕಿಯ ಬಾಗಿಲಿನಂತೆ ತೆರೆದು ಮುಚ್ಚಿ ಬೇಕಾದಷ್ಟು ಬೆಳಕನ್ನು ಹೊರಬಿಡುತ್ತದೆ. ಕಪ್ಪು ತೋರಿಸಬೇಕಾದಾಗ ಪೂರ್ತಿ ಮುಚ್ಚಬೇಕು. ಆದರೆ ಪೂರ್ತಿ ಮುಚ್ಚುವುದಿಲ್ಲ, ಒಂದಿಷ್ಟು ಬೆಳಕು ಸೋರುತ್ತದೆ. ಎಷ್ಟು ಸೋರುತ್ತದೆ ಎಂಬುದರಲ್ಲಿ ಎರಡು ಜಾತಿ. ಒಂದು ಐಪಿಎಸ್ ಪ್ಯಾನೆಲ್, ಇನ್ನೊಂದು ವಿಎ ಪ್ಯಾನೆಲ್. ಐಪಿಎಸ್‌ನಲ್ಲಿ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು ಸಾವಿರಕ್ಕೆ ಒಂದು. ವಿಎನಲ್ಲಿ ಮೂರರಿಂದ ಐದು ಸಾವಿರಕ್ಕೆ ಒಂದು, ಕೆಲವದರಲ್ಲಿ ಇನ್ನೂ ಹೆಚ್ಚು. ಬೆಳಕನ್ನು ಅಳೆಯುವ ಮಾನ ನಿಟ್. ಟಿವಿಯ ಬಿಳಿ 300 ನಿಟ್ ಇದ್ದರೆ ಐಪಿಎಸ್‌ನ ಕಪ್ಪು 0.3 ನಿಟ್‌ನಷ್ಟು ಬೆಳಗುತ್ತಿರುತ್ತದೆ. ನಾಲ್ಕು ಸಾವಿರಕ್ಕೆ ಒಂದು ಅಂತರದ ವಿಎನಲ್ಲಿ ಅದು 0.075 ನಿಟ್. ಹಗಲಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಲೈಟು ಆರಿಸಿ ಕೂತಾಗ ಬೀಳುತ್ತದೆ.

ಎಲ್ಲಿ ಬೀಳುತ್ತದೆ ಅಂದರೆ, ಸಿನಿಮಾದ ಅತ್ಯಂತ ಮುಖ್ಯವಾದ ಕಡೆಯೇ. 2022ರಲ್ಲಿ ಬಂದ ‘ಕಾಂತಾರ’ವನ್ನು ನೆನೆಸಿಕೊಳ್ಳಿ. ಕಾಡಂಚಿನ ರಾತ್ರಿ, ಪಂಜಿನ ಬೆಳಕು, ಆ ಬೆಳಕಿನಲ್ಲಿ ಅರ್ಧ ಕಾಣುವ, ಅರ್ಧ ಕಾಣದ ಮುಖ. ಛಾಯಾಗ್ರಾಹಕ ಅರವಿಂದ್ ಕಶ್ಯಪ್ ಕತ್ತಲನ್ನು ಬಿಟ್ಟುಕೊಂಡು ಚೌಕಟ್ಟು ಕಟ್ಟಿದ್ದಾರೆ. ಆ ಕತ್ತಲು ಟಿವಿಯಲ್ಲಿ ಮಬ್ಬು ಬೂದಿಯ ಬಣ್ಣವಾದರೆ ಪಂಜಿಗೆ ಪಂಜಿನ ತೇಜಸ್ಸೇ ಇರುವುದಿಲ್ಲ. ‘ಕೆಜಿಎಫ್’ ಚಿತ್ರಗಳಲ್ಲಿ ಭುವನ್ ಗೌಡ ತೋರಿಸಿದ ನರಾಚಿಯ ಗಣಿಯೂ ಹಾಗೆಯೇ: ಇದ್ದಿಲು, ಧೂಳು, ಮಸಿ ಹತ್ತಿದ ಮೈ. ಕಪ್ಪಿನಲ್ಲೇ ಹತ್ತಾರು ಛಾಯೆ. ಸಾಧಾರಣ ಪರದೆಯಲ್ಲಿ ಅವೆಲ್ಲ ಒಂದೇ ಮುದ್ದೆಯಾಗುತ್ತವೆ. ಹಳೆಯ ಕಪ್ಪುಬಿಳುಪು ಚಿತ್ರಗಳ ಕಥೆಯಂತೂ ಹೇಳುವುದೇ ಬೇಡ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ದುರಸ್ತಿಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅಲ್ಲಿ ಬಣ್ಣವಿಲ್ಲದೆ, ಬರೀ ಬೆಳಕು ನೆರಳಿನಲ್ಲಿ ಒಂದು ಅಗ್ರಹಾರವನ್ನು ಕಟ್ಟುತ್ತದೆ. ಅಂಥ ಚಿತ್ರವನ್ನು ನಮ್ಮ ಮನೆಯ ಗೋಡೆಯ ಮೇಲೆ ಸರಿಯಾಗಿ ನೋಡುವುದು ನಮ್ಮ ಹಕ್ಕು ಎಂದೇ ನಾನು ತಿಳಿದಿದ್ದೇನೆ. ಅದಕ್ಕೆ ದುಬಾರಿ ಟಿವಿಯೇ ಬೇಕೆಂದಿಲ್ಲ, ಒಳ್ಳೆಯ ವಿಎ ಪ್ಯಾನೆಲ್ ಸಾಕು.

ವಿಎಗೂ ಒಂದು ಕೊರತೆ ಇದೆ, ಅದನ್ನು ಹೇಳದೆ ಬಿಡಬಾರದು. ಎದುರಿಗೆ ಕೂತವರಿಗೆ ಚೆನ್ನಾಗಿ ಕಾಣುತ್ತದೆ. ಪಕ್ಕಕ್ಕೆ, ಓರೆಯಾಗಿ ಕೂತವರಿಗೆ ಬಣ್ಣ ತೊಳೆದಂತೆ ಕಾಣುತ್ತದೆ. ನಿಮ್ಮ ಹಾಲಿನಲ್ಲಿ ಸೋಫಾ ಟಿವಿಗೆ ನೇರ ಎದುರಿಗಿದ್ದರೆ ವಿಎ ತೆಗೆದುಕೊಳ್ಳಿ. ಹಬ್ಬ ಹರಿದಿನಕ್ಕೆ ನೆಂಟರಿಷ್ಟರು ಬಂದು ನಾಲ್ಕೂ ಮೂಲೆಯಲ್ಲಿ ಕೂತು ಹಗಲು ಹೊತ್ತು ಕ್ರಿಕೆಟ್ ನೋಡುವ ಮನೆಯಾದರೆ ಐಪಿಎಸ್ ತಪ್ಪಲ್ಲ.

ಪೆಟ್ಟಿಗೆಯ ಮೇಲೆ ಯಾವ ಪ್ಯಾನೆಲ್ ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಇನ್ನೂ ಕಷ್ಟವೆಂದರೆ ಒಂದೇ ಮಾಡೆಲ್ಲಿನಲ್ಲಿ 43 ಇಂಚಿಗೆ ಒಂದು ಪ್ಯಾನೆಲ್, 55 ಇಂಚಿಗೆ ಇನ್ನೊಂದು ಹಾಕಿರುವುದುಂಟು. ಹಾಗಾಗಿ ಅಂಗಡಿಯಲ್ಲಿ ನೀವೇ ನೋಡಬೇಕು, ನೀವು ಕೊಳ್ಳುವ ಅಳತೆಯದನ್ನೇ ನೋಡಬೇಕು.

ತಂಗಿಯ ಮನೆಗೆ ಟಿವಿ ಕೊಳ್ಳಲು ಶಿವಮೊಗ್ಗದ ಒಂದು ಅಂಗಡಿಗೆ ಹೋಗಿದ್ದೆವು. ಗೋಡೆ ತುಂಬ ಟಿವಿ. ಎಲ್ಲದರಲ್ಲೂ ಕಂಪನಿಯವರೇ ಕೊಟ್ಟ ಡೆಮೊ: ಹೂವು, ಗಿಳಿ, ಹಿಮಬೆಟ್ಟ, ಕತ್ತರಿಸಿದ ಹಣ್ಣು. ಎಲ್ಲವೂ ಚೆಂದ. ಮೇಲಿಂದ ಸಾಲುಸಾಲು ಟ್ಯೂಬ್‌ಲೈಟು. ನಾನು ಜೇಬಿನಿಂದ ಪೆನ್‌ಡ್ರೈವ್ ತೆಗೆದು, ‘ತಮ್ಮಾ, ಇದನ್ನ ಒಂದು ಸಲ ಹಾಕಿ ತೋರಿಸ್ತೀಯಾ?’ ಎಂದೆ. ಅಂಗಡಿಯ ಹುಡುಗ, ‘ಸರ್, ಡೆಮೊದಲ್ಲೇ ಪಿಕ್ಚರ್ ಕ್ವಾಲಿಟಿ ಗೊತ್ತಾಗುತ್ತಲ್ಲ’ ಎಂದ. ‘ಡೆಮೊದಲ್ಲಿ ರಾತ್ರಿ ಇಲ್ವಲ್ಲಪ್ಪ’ ಎಂದೆ. ಹುಡುಗ ಒಳ್ಳೆಯವನು, ಹಾಕಿದ. ಅದರಲ್ಲಿದ್ದದ್ದು ನಾನೇ ಮೊಬೈಲಿನಲ್ಲಿ ತೆಗೆದ ಒಂದು ಪುಟ್ಟ ವೀಡಿಯೊ, ಕತ್ತಲ ಅಂಗಳದಲ್ಲಿ ಹಚ್ಚಿಟ್ಟ ದೀಪದ್ದು, ಜೊತೆಗೆ ಪೂರ್ತಿ ಕಪ್ಪು ಬಣ್ಣದ ಒಂದು ಚಿತ್ರ, ಪೂರ್ತಿ ಬೂದು ಬಣ್ಣದ ಇನ್ನೊಂದು ಚಿತ್ರ. ‘ಪಿಕ್ಚರ್ ಮೋಡ್ ವಿವಿಡ್‌ನಿಂದ ಮೂವಿಗೆ ಹಾಕು, ಈ ಸಾಲಿನ ಲೈಟು ಒಂದು ನಿಮಿಷ ಆರಿಸು’ ಎಂದು ಕೇಳಿಕೊಂಡೆ. ಪಕ್ಕಪಕ್ಕದ ಎರಡು ಟಿವಿ, ಬೆಲೆ ಹೆಚ್ಚು ಕಡಿಮೆ ಒಂದೇ. ಒಂದರಲ್ಲಿ ಅಂಗಳ ಕತ್ತಲಾಗಿತ್ತು, ದೀಪ ದೀಪವಾಗಿತ್ತು. ಇನ್ನೊಂದರಲ್ಲಿ ಅಂಗಳವೆಲ್ಲ ನೀಲಿಬೂದು ಮಂಜು, ಪರದೆಯ ಕೆಳಗಿನ ಮೂಲೆಯಲ್ಲಿ ಬೆಳಕಿನ ಮಚ್ಚೆ. ಬೂದು ಚಿತ್ರ ಹಾಕಿದಾಗ ಆ ಎರಡನೆಯದರ ನಡುಮಧ್ಯೆ ಕೊಳೆಯಂಥ ಪಟ್ಟೆಗಳೂ ಕಂಡವು. ಫುಟ್‌ಬಾಲ್, ಕ್ರಿಕೆಟ್ ಮೈದಾನದ ಹಸಿರಿನ ಮೇಲೆ ಕ್ಯಾಮೆರಾ ಹರಿದಾಗ ಈ ಪಟ್ಟೆಗಳೇ ತೇಲಿದಂತೆ ಕಾಣುವುದು. ತಂಗಿ ಒಂದೇ ಮಾತು ಹೇಳಿದಳು: ‘ಅಣ್ಣಾ, ಮೊದಲನೇದು.’ ಅವಳಿಗೆ ಪ್ಯಾನೆಲ್ಲಿನ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕಣ್ಣಿಗೆ ತೋರಿಸಿದರೆ ಯಾರಿಗಾದರೂ ತಿಳಿಯುತ್ತದೆ.

ಕ್ಯೂಎಲ್‌ಇಡಿ ಎಂಬ ಹೆಸರಿನ ಬಗ್ಗೆ ಒಂದು ಮಾತು. ಹಿಂದಿನ ದೀಪದ ಮುಂದೆ ಕ್ವಾಂಟಮ್ ಚುಕ್ಕೆಗಳ ಒಂದು ತೆಳು ಪದರ ಹಾಕಿರುತ್ತಾರೆ. ಅದು ಕೆಂಪು, ಹಸಿರುಗಳನ್ನು ಹೆಚ್ಚು ಶುದ್ಧಗೊಳಿಸುತ್ತದೆ. ಈ ಚುಕ್ಕೆಗಳನ್ನು ಕಂಡುಹಿಡಿದು ತಯಾರಿಸುವ ದಾರಿ ತೋರಿಸಿದ್ದಕ್ಕೆ ಬಾವೆಂಡಿ, ಬ್ರೂಸ್, ಎಕಿಮೋವ್ ಎಂಬ ಮೂವರು ವಿಜ್ಞಾನಿಗಳಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ನಿಜಕ್ಕೂ ದೊಡ್ಡ ವಿದ್ಯೆ. ಆದರೆ ಅದರಿಂದ ಬಣ್ಣ ಸುಧಾರಿಸುತ್ತದೆಯೇ ಹೊರತು ಕಪ್ಪು ಸುಧಾರಿಸುವುದಿಲ್ಲ. ಕ್ಯೂಎಲ್‌ಇಡಿ ಹೆಸರಿನ ಐಪಿಎಸ್ ಟಿವಿಗಿಂತ, ಆ ಹೆಸರಿಲ್ಲದ ವಿಎ ಟಿವಿಯಲ್ಲಿ ರಾತ್ರಿಯ ದೃಶ್ಯ ಚೆನ್ನಾಗಿ ಕಾಣುವುದು ಸಹಜ. ಓಎಲ್‌ಇಡಿ ಬೇರೆಯೇ ತಂತ್ರ. ಅಲ್ಲಿ ಹಿಂದೆ ದೀಪವೇ ಇಲ್ಲ, ಒಂದೊಂದು ಚುಕ್ಕೆಯೂ ತಾನೇ ಬೆಳಗಿ ತಾನೇ ಆರುತ್ತದೆ. ಅದರ ಕಪ್ಪಿಗೆ ಸಾಟಿಯಿಲ್ಲ, ಆದರೆ ಅದು ನಮ್ಮ ಇವತ್ತಿನ ಬೆಲೆಯಲ್ಲಿ ಸಿಗುವುದಿಲ್ಲ.

ಇನ್ನು ಅಳತೆ. ಇಂಚು ಅಂದರೆ ಪರದೆಯ ಮೂಲೆಯಿಂದ ಮೂಲೆಗೆ ಓರೆ ಅಳತೆ. 43 ಇಂಚಿನ ಟಿವಿ ಸುಮಾರು 95 ಸೆಂಟಿಮೀಟರ್ ಅಗಲ, 55 ಇಂಚಿನದು 122 ಸೆಂಟಿಮೀಟರ್. ಸಿನಿಮಾ ತುಂಬಿಕೊಂಡಂತೆ ಕಾಣಬೇಕಾದರೆ ಓರೆ ಅಳತೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಕೂರಬೇಕು ಎಂಬುದು ಸಿನಿಮಾ ತಂತ್ರಜ್ಞರ ಲೆಕ್ಕ. 43 ಇಂಚಿಗೆ ಅದು ಆರು ಅಡಿಗೆ ಹತ್ತಿರ, 55 ಇಂಚಿಗೆ ಏಳೂವರೆ ಅಡಿಯ ಆಸುಪಾಸು. ನಮ್ಮ ಹಾಲುಗಳಲ್ಲಿ ಸೋಫಾ ಸಾಮಾನ್ಯವಾಗಿ ಎಂಟು ಹತ್ತು ಅಡಿ ದೂರದಲ್ಲಿರುತ್ತದೆ. ಅಷ್ಟು ದೂರದಿಂದ 43 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದೇ ಕಷ್ಟ. ಫುಲ್ ಎಚ್‌ಡಿಯಲ್ಲೂ ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಆರು ಅಡಿ ದಾಟಿದರೆ ಸಾಮಾನ್ಯ ದೃಷ್ಟಿಗೆ ಅದು ಬೇರೆಯಾಗಿ ಕಾಣುವುದಿಲ್ಲ. 4ಕೆ ಬೇಡವೆಂದು ನಾನು ಹೇಳುತ್ತಿಲ್ಲ. 43 ಇಂಚು ಮತ್ತು ಮೇಲ್ಪಟ್ಟಲ್ಲಿ ಈಗ ಬರುವುದೆಲ್ಲ ಬಹುಮಟ್ಟಿಗೆ 4ಕೆಯೇ. ಆದರೆ 4ಕೆ ಎಂಬ ಒಂದೇ ಮಾತಿಗೆ ಐದು ಸಾವಿರ ಹೆಚ್ಚು ಕೊಡಬೇಡಿ. ಆ ಐದು ಸಾವಿರವನ್ನು ಅಳತೆಗೆ ಕೊಡಿ, ಇಲ್ಲವೇ ಒಳ್ಳೆಯ ಕಪ್ಪಿಗೆ ಕೊಡಿ.

ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 4ಕೆ ಟಿವಿ ಇದ್ದ ಮಾತ್ರಕ್ಕೆ 4ಕೆ ಚಿತ್ರ ಬರುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು ಅತ್ಯಂತ ದುಬಾರಿ ಪ್ರೀಮಿಯಂ ಯೋಜನೆಯಲ್ಲಿ ಮಾತ್ರ, ಅದಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ವೇಗದ ಇಂಟರ್‌ನೆಟ್ ಬೇಕು. ಮೊಬೈಲ್ ಯೋಜನೆ ಟಿವಿಯಲ್ಲಿ ನಡೆಯುವುದೇ ಇಲ್ಲ. ತೀರ ಅಗ್ಗದ ಕೆಲವು ಟಿವಿಗಳಲ್ಲಿ ಇನ್ನೊಂದು ಮೋಸ ಇದೆ. ‘ಆಂಡ್ರಾಯ್ಡ್ ಸ್ಮಾರ್ಟ್ ಟಿವಿ’ ಎಂದು ಬರೆದಿರುತ್ತಾರೆ, ಆದರೆ ಒಳಗಿರುವುದು ಗೂಗಲ್‌ನ ಪರವಾನಗಿ ಪಡೆದ ಟಿವಿ ತಂತ್ರಾಂಶವಲ್ಲ, ಮೊಬೈಲಿಗೆಂದು ಇರುವುದನ್ನೇ ತಂದು ಕೂರಿಸಿದ್ದು. ಅದು ಒಟಿಟಿ ಕಂಪನಿಗಳ ರಕ್ಷಣೆಯ ಪರೀಕ್ಷೆಯಲ್ಲಿ ಪಾಸಾಗಿರುವುದಿಲ್ಲ. ಹಾಗಾಗಿ ಪರದೆ 4ಕೆ ಇದ್ದರೂ ಸಿನಿಮಾ ಮಸುಕು ಮಸುಕಾಗಿ ಬರುತ್ತದೆ, ಇಲ್ಲವೇ ಆ್ಯಪ್ ತೆರೆಯುವುದೇ ಇಲ್ಲ. ಅಂಗಡಿಯಲ್ಲೇ ನೆಟ್‌ಫ್ಲಿಕ್ಸ್, ಪ್ರೈಮ್ ಎರಡನ್ನೂ ತೆರೆಸಿ ನೋಡಿ. ತಂತ್ರಾಂಶ ನಿಧಾನವಾಗಿದೆ ಅಂತ ಮಾತ್ರ ಒಳ್ಳೆಯ ಪರದೆಯ ಟಿವಿಯನ್ನು ಬಿಡಬೇಡಿ. ಎರಡು ವರ್ಷದ ನಂತರ ಯಾವುದು ನಿಧಾನವಾದರೂ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿ ಸರಿಮಾಡಬಹುದು. ಪರದೆಯನ್ನು ಬದಲಿಸಲಾಗದು.

ಎಚ್‌ಡಿಆರ್, ಅಂದರೆ ಬೆಳಕು ಕತ್ತಲೆಗಳ ಅಂತರವನ್ನು ಹೆಚ್ಚಿಸಿ ತೋರಿಸುವ ವಿಧಾನದ ವಿಷಯದಲ್ಲಿ ಜನ ಹೆಚ್ಚು ನಿರಾಶರಾಗುವುದನ್ನು ಕಂಡಿದ್ದೇನೆ. ಎಚ್‌ಡಿಆರ್ ಚಿತ್ರಗಳನ್ನು ಸಿದ್ಧಪಡಿಸುವಾಗ ಸ್ಟುಡಿಯೋದಲ್ಲಿ 1,000 ನಿಟ್, ಕೆಲವೊಮ್ಮೆ 4,000 ನಿಟ್ ಬೆಳಗುವ ಪರದೆ ಇಟ್ಟುಕೊಂಡು ಬಣ್ಣ ತಿದ್ದುತ್ತಾರೆ. ನಮ್ಮ ಬೆಲೆಯ ಟಿವಿ ಬೆಳಗುವುದು 250ರಿಂದ 350 ನಿಟ್. ಅಷ್ಟು ಬೆಳಕಿನಲ್ಲಿ ಆ ಚಿತ್ರವನ್ನು ಹಿಡಿಸಲು ಟಿವಿ ಉಳಿದ ಭಾಗವನ್ನೆಲ್ಲ ತಗ್ಗಿಸಿಬಿಡುತ್ತದೆ. ‘ಎಚ್‌ಡಿಆರ್ ಹಾಕಿದರೆ ಚಿತ್ರ ಮಂಕಾಗುತ್ತದಲ್ಲ’ ಎಂದು ಕೇಳುವವರಿಗೆ ಉತ್ತರ ಇದೇ. ಪೆಟ್ಟಿಗೆಯ ಮೇಲಿನ ಎಚ್‌ಡಿಆರ್ ಎಂಬುದು ಆ ಸಂಕೇತವನ್ನು ಟಿವಿ ಓದಬಲ್ಲದು ಎಂದಷ್ಟೇ ಹೇಳುತ್ತದೆ, ತೋರಿಸಬಲ್ಲದು ಎಂದಲ್ಲ. ದೃಶ್ಯದಿಂದ ದೃಶ್ಯಕ್ಕೆ ಬೆಳಕಿನ ಮಾಹಿತಿ ಕೊಡುವ ಡಾಲ್ಬಿ ವಿಷನ್ ಇದ್ದರೆ ಸಾಧಾರಣ ಟಿವಿಗೆ ಸ್ವಲ್ಪ ಅನುಕೂಲ. ಇಲ್ಲದಿದ್ದರೂ ದುಃಖಪಡಬೇಕಾಗಿಲ್ಲ. ಮಾಮೂಲಿ ಚಿತ್ರವನ್ನು ಸಿದ್ಧಪಡಿಸುವುದು 100 ನಿಟ್ ಬೆಳಕಿಗೆ. ಅದು ನಿಮ್ಮ ಟಿವಿಯಲ್ಲಿ ಧಾರಾಳವಾಗಿದೆ.

ಈಗ ಗೇಮ್ ಆಡುವವರ ಕಡೆಗೆ ಬರೋಣ. ತಂದೆತಾಯಿಯರು ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಸಿನಿಮಾ ನೋಡುವಾಗ ತಿಳಿಯದ ಒಂದು ದೋಷ ಗೇಮ್ ಆಡುವಾಗ ತಿಳಿಯುತ್ತದೆ, ಅದು ವಿಳಂಬ. ಕೈಯಲ್ಲಿ ಬಟನ್ ಒತ್ತಿದ ಕ್ಷಣಕ್ಕೂ ಪರದೆಯಲ್ಲಿ ಅದರ ಫಲ ಕಾಣುವ ಕ್ಷಣಕ್ಕೂ ನಡುವಿನ ಹೊತ್ತು. ಟಿವಿ ಬಂದ ಚಿತ್ರವನ್ನು ನೇರ ತೋರಿಸುವುದಿಲ್ಲ. ಅಂಚು ಚೂಪು ಮಾಡಿ, ಬಣ್ಣ ಏರಿಸಿ, ಚಲನೆ ನಯಗೊಳಿಸಿ ಆಮೇಲೆ ತೋರಿಸುತ್ತದೆ. ಈ ಅಲಂಕಾರಕ್ಕೆ ಹೊತ್ತು ಹಿಡಿಯುತ್ತದೆ. ಸಾಧಾರಣ ಟಿವಿಯಲ್ಲಿ ಅದು 100 ಮಿಲಿಸೆಕೆಂಡ್ ದಾಟುವುದೂ ಉಂಟು. ಸೆಕೆಂಡಿನ ಹತ್ತನೇ ಒಂದು ಭಾಗ, ಅಷ್ಟೇ ತಾನೆ ಅನ್ನಿಸಬಹುದು. ಕ್ರಿಕೆಟ್‌ನ ಲೆಕ್ಕದಲ್ಲೇ ನೋಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬೌಲರನ ಕೈಬಿಟ್ಟು ಬ್ಯಾಟ್ಸ್‌ಮನ್ ಬಳಿ ಬರಲು ಹಿಡಿಯುವುದು ಸುಮಾರು ಅರ್ಧ ಸೆಕೆಂಡ್. ಅದರಲ್ಲಿ ಸುಮಾರು ಐದನೇ ಒಂದು ಭಾಗವನ್ನು ಟಿವಿಯೇ ತಿಂದುಹಾಕಿದರೆ ಆಡುವವನು ಏನು ಮಾಡಬೇಕು?

ಹೊಸ ಟಿವಿ ಬಂದ ದಿನವೇ ತಂಗಿಯ ಮಗ ತನ್ನ ಗೇಮ್ ಕನ್ಸೋಲ್ ಪಿಎಸ್4 ಜೋಡಿಸಿ ಕ್ರಿಕೆಟ್ ಆಡಲು ಕೂತ. ‘ಮಾವ, ನಾನು ಸರಿಯಾಗೇ ಒತ್ತೀನಿ, ಬ್ಯಾಟ್ ಲೇಟಾಗಿ ಬೀಸ್ತಾನೆ’ ಎಂದ. ನಾಲ್ಕು ಚೆಂಡಿಗೆ ಎರಡು ಬೌಲ್ಡ್. ಟಿವಿ ಕೆಟ್ಟಿದೆಯೆಂದು ಅವನಮ್ಮನಿಗೆ ಗಾಬರಿ. ರಿಮೋಟಿನಲ್ಲಿ ಪಿಕ್ಚರ್ ಮೋಡ್ ತೆರೆದು ‘ಗೇಮ್’ ಎಂಬುದನ್ನು ಆರಿಸಿದೆವು. ಒಂದು ಕ್ಷಣ ಪರದೆ ಕಪ್ಪಾಗಿ ಮತ್ತೆ ಬಂತು. ಬಣ್ಣ ಸ್ವಲ್ಪ ಸಪ್ಪೆಯಾಯಿತು, ಬ್ಯಾಟು ಕೈಗೆ ಸಿಕ್ಕಿತು. ಮುಂದಿನ ಚೆಂಡು ಕವರ್ಸ್ ಕಡೆ ನಾಲ್ಕು. ಗೇಮ್ ಮೋಡ್‌ನಲ್ಲಿ ಟಿವಿ ಅಲಂಕಾರವನ್ನೆಲ್ಲ ಬಿಟ್ಟು ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. ವಿಳಂಬ 10ರಿಂದ 20 ಮಿಲಿಸೆಕೆಂಡಿಗೆ ಇಳಿಯುತ್ತದೆ. ಗೇಮ್ ಆಡುವವರಿರುವ ಮನೆಗೆ ಇದು ಕಡ್ಡಾಯ. ಎಎಲ್‌ಎಲ್‌ಎಂ ಎಂಬ ಸೌಲಭ್ಯವಿದ್ದರೆ ಪಿಎಸ್5, ಎಕ್ಸ್‌ಬಾಕ್ಸ್‌ನಂಥ ಹೊಸ ಕನ್ಸೋಲ್ ಹಚ್ಚಿದೊಡನೆ ಟಿವಿ ತಾನಾಗಿ ಗೇಮ್ ಮೋಡ್‌ಗೆ ಹೋಗುತ್ತದೆ. ಇಲ್ಲದಿದ್ದರೆ ಕೈಯಾರೆ ಹಾಕಬೇಕು, ಅಷ್ಟೇ ವ್ಯತ್ಯಾಸ.

120 ಹರ್ಟ್ಜ್ ಬೇಕೇ? ಇಲ್ಲಿ ಹುಡುಗರು ಜಾಹೀರಾತಿಗೆ ಮರುಳಾಗುತ್ತಾರೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸ ಚಿತ್ರ ಬರೆಯುತ್ತದೆ ಎಂಬ ಲೆಕ್ಕ. ಪಿಎಸ್4 ಕೊಡುವುದೇ ಹೆಚ್ಚೆಂದರೆ 60. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ 120 ಬರುತ್ತದೆ, ಆದರೆ ಹೆಚ್ಚಿನ ಗೇಮ್‌ಗಳು ಓಡುವುದು 30 ಅಥವಾ 60ರಲ್ಲೇ. ಹಾಗಾಗಿ ಕಡಿಮೆ ವಿಳಂಬದ, ಒಳ್ಳೆಯ ಕಪ್ಪಿನ 60 ಹರ್ಟ್ಜ್ ಟಿವಿ ನಮ್ಮ ಬೆಲೆಯಲ್ಲಿ ಬುದ್ಧಿವಂತಿಕೆಯ ಆಯ್ಕೆ. ನಿಮ್ಮಲ್ಲಿ ಪಿಎಸ್5 ಇದ್ದು, ಇನ್ನು ಹತ್ತು ಹದಿನೈದು ಸಾವಿರ ಹೆಚ್ಚು ಹಾಕುವ ಶಕ್ತಿ ಇದ್ದರೆ ಮಾತ್ರ 120 ಹರ್ಟ್ಜ್ ನೋಡಿ. ಆಗಲೂ ಜಾಗ್ರತೆ. ‘ಮೋಷನ್ ರೇಟ್ 240’ ಮುಂತಾಗಿ ಬರೆದಿರುವುದು ಪ್ಯಾನೆಲ್ಲಿನ ನಿಜವಾದ ವೇಗವಲ್ಲ. ‘120 ಹರ್ಟ್ಜ್ ಡಿಎಲ್‌ಜಿ’ ಎಂದಿದ್ದರೆ ಅದು 60 ಹರ್ಟ್ಜ್ ಪ್ಯಾನೆಲ್ಲೇ. ಎರಡೆರಡು ಸಾಲನ್ನು ಒಟ್ಟಿಗೆ ಬರೆದು, ಸ್ಪಷ್ಟತೆಯನ್ನು ಅರ್ಧಕ್ಕಿಳಿಸಿ ವೇಗ ಗಳಿಸುತ್ತದೆ. ಎಚ್‌ಡಿಎಂಐ 2.1 ಎಂಬ ಬರಹವನ್ನೂ ನಂಬಿ ಸುಮ್ಮನಾಗುವಂತಿಲ್ಲ. ಆ ಹೆಸರು ಹಾಕಲು ಅದರ ಎಲ್ಲ ಸೌಲಭ್ಯವೂ ಇರಲೇಬೇಕೆಂಬ ನಿಯಮವಿಲ್ಲ. ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಎರಡು: ‘4ಕೆನಲ್ಲಿ 120 ಹರ್ಟ್ಜ್ ತಗೊಳ್ಳುತ್ತಾ? ವಿಆರ್‌ಆರ್ ಇದೆಯಾ?’ ವಿಆರ್‌ಆರ್ ಇದ್ದರೆ ಗೇಮ್ 60ರಿಂದ 52ಕ್ಕೆ ಕುಂಟಿದಾಗ ಪರದೆಯೂ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ, ಚಿತ್ರ ಹರಿದಂತೆ ಕಾಣುವುದಿಲ್ಲ. ಪಿಎಸ್5 ಈ ಸೌಲಭ್ಯವನ್ನು ಎಚ್‌ಡಿಎಂಐ 2.1ರ ಮೂಲಕ ಮಾತ್ರ ಕೊಡುತ್ತದೆ.

ಮೊಬೈಲಿನ ಗೇಮನ್ನು ವೈಫೈ ಮೂಲಕ ಟಿವಿಗೆ ಎಸೆದು ಆಡುವವರೂ ಇದ್ದಾರೆ. ಅದರಲ್ಲಿ ವಿಳಂಬ ತಪ್ಪುವುದಿಲ್ಲ, ಎಂಥ ಟಿವಿಯಾದರೂ. ಆಡುವುದಿದ್ದರೆ ವೈರು ಹಾಕಿಯೇ ಆಡಬೇಕು.

ಸಿನಿಮಾಕ್ಕೆ ಮರಳಿ ಬರುತ್ತೇನೆ, ಏಕೆಂದರೆ ಮನೆಗೆ ಬಂದ ಒಳ್ಳೆಯ ಟಿವಿಯೂ ಕೆಟ್ಟದಾಗಿ ಕಾಣುವುದು ಒಂದು ಆಯ್ಕೆಯಿಂದ. ಮಾತಿನ ಚಿತ್ರ ಬಂದಂದಿನಿಂದ ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ತಯಾರಾಗುತ್ತಿದೆ. ಪರದೆ 60 ಸಲ ಬರೆಯುತ್ತದೆ. 24ನ್ನು 60ಕ್ಕೆ ಹೊಂದಿಸಲು ಒಂದು ಚಿತ್ರವನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತಾರೆ. ಕ್ಯಾಮೆರಾ ನಿಧಾನ ಹರಿಯುವಾಗ ಇದರಿಂದ ಸಣ್ಣ ಕುಲುಕಾಟ ಕಾಣುತ್ತದೆ. ಅದನ್ನು ಮುಚ್ಚಲೆಂದು ಟಿವಿ ಎರಡು ಚಿತ್ರಗಳ ನಡುವೆ ತಾನೇ ಕಲ್ಪಿಸಿದ ಚಿತ್ರಗಳನ್ನು ತುರುಕುತ್ತದೆ. ಆಗ ಎಲ್ಲವೂ ಎಣ್ಣೆ ಹಚ್ಚಿದಂತೆ ಜಾರುತ್ತದೆ, ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ಇದರ ವಿರುದ್ಧ ನಟ ಟಾಮ್ ಕ್ರೂಸ್ 2018ರ ಡಿಸೆಂಬರಿನಲ್ಲಿ ವೀಡಿಯೊ ಮಾಡಿ ಪ್ರೇಕ್ಷಕರನ್ನು ಕೇಳಿಕೊಂಡರು. ಮರುವರ್ಷ ಟಿವಿ ಕಂಪನಿಗಳೂ ಚಿತ್ರೋದ್ಯಮದವರೂ ಕೂಡಿ ‘ಫಿಲ್ಮ್‌ಮೇಕರ್ ಮೋಡ್’ ಎಂಬುದನ್ನು ತಂದರು. ನಿಮ್ಮ ಟಿವಿಯಲ್ಲಿ ಅದಿದ್ದರೆ ಒಂದೇ ಬಟನ್ನಿಗೆ ಎಲ್ಲ ಸರಿ. ಇಲ್ಲದಿದ್ದರೆ ‘ಮೂವಿ’ ಅಥವಾ ‘ಸಿನಿಮಾ’ ಮೋಡ್ ಹಾಕಿ, ‘ಮೋಷನ್’ ಎಂಬ ಹೆಸರಿರುವುದನ್ನೆಲ್ಲ ಆಫ್ ಮಾಡಿ, ಶಾರ್ಪ್‌ನೆಸ್ ಸೊನ್ನೆಯ ಹತ್ತಿರ ತನ್ನಿ, ಕಲರ್ ಟೆಂಪರೇಚರ್ ‘ವಾರ್ಮ್’ ಮಾಡಿ. ಮೊದಲ ದಿನ ಚಿತ್ರ ಹಳದಿ ಅನ್ನಿಸುತ್ತದೆ. ಎರಡು ಮೂರು ದಿನ ತಾಳಿ, ಕಣ್ಣು ಹೊಂದಿಕೊಳ್ಳುತ್ತದೆ. ನಿರ್ದೇಶಕರೂ ಛಾಯಾಗ್ರಾಹಕರೂ ನೋಡಿ ಒಪ್ಪಿದ ಬಣ್ಣ ಅದೇ. ಹಳೆಯ ಕನ್ನಡ ಚಿತ್ರ ನೋಡುವಾಗ ಪರದೆ ತುಂಬಲೆಂದು ಚಿತ್ರವನ್ನು ಅಡ್ಡಕ್ಕೆ ಎಳೆಯಬೇಡಿ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಇರಲಿ. ಎಳೆದರೆ ರಾಜ್‌ಕುಮಾರ್ ಅವರ ಮುಖ ಅಗಲವಾಗಿ, ಕಲ್ಪನಾ ಅವರ ನಿಲುವು ಕುಳ್ಳಾಗಿ ಕಾಣುತ್ತದೆ. ಅದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಶಬ್ದದ ಬಗ್ಗೆ ಹೆಚ್ಚು ಹೇಳಲಾರೆ. ತೆಳ್ಳಗಿನ ಟಿವಿಯ ಸ್ಪೀಕರು ಕೆಳಮುಖವಾಗಿ 20 ವಾಟ್ ಕೂಗುತ್ತದೆ, ಸಂಭಾಷಣೆ ಸ್ಪಷ್ಟವಾಗುವುದಿಲ್ಲ. ಎಚ್‌ಡಿಎಂಐ ಎಆರ್‌ಸಿ ಕಿಂಡಿ ಇರುವ ಟಿವಿ ತೆಗೆದುಕೊಂಡರೆ ಮುಂದೆ ಕೈಯಲ್ಲಿ ಕಾಸಾದಾಗ ಒಂದು ಸೌಂಡ್‌ಬಾರ್ ಹಾಕಬಹುದು.

ಮಲೆನಾಡಿನ, ಕರಾವಳಿಯ ಕೇಳುಗರಿಗೆ ಬೇರೆಯಾಗಿ ಒಂದು ಮಾತು. ಟಿವಿಯ ಹಿಂದೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಆ ಮಿತಿಯೊಳಗಿನ ವೋಲ್ಟೇಜಿನ ಏರಿಳಿತವನ್ನು ಅದು ತಡೆದುಕೊಳ್ಳುತ್ತದೆ. ಸಿಡಿಲನ್ನು ಯಾವ ಟಿವಿಯೂ ತಡೆದುಕೊಳ್ಳುವುದಿಲ್ಲ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ, ಡಿಶ್ಶಿನ ಕೇಬಲ್ಲನ್ನೂ, ಇಂಟರ್‌ನೆಟ್ಟಿನ ವೈರನ್ನೂ ಕಿತ್ತಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಪ್ಯಾನೆಲ್ ಹೋದರೆ ಅದನ್ನು ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಗೆ ಹತ್ತಿರ ಬರುತ್ತದೆ, ಸಿಡಿಲಿನ ಹಾನಿ ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇದೆಯೇ ಎಂಬುದನ್ನು ಹಣ ಕೊಡುವ ಮುಂಚೆ ವಿಚಾರಿಸಿ. ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಒಡೆಯುವುದನ್ನು ಮೊಬೈಲಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ. ಟಿವಿ ಗೋಡೆಗೆ ಏರುವ ಮೊದಲೇ ಕಪ್ಪು ಚಿತ್ರ, ಬೂದು ಚಿತ್ರ ಎರಡನ್ನೂ ಹಾಕಿ ನೋಡಿ. ದೋಷ ಕಂಡರೆ ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆಯೇ ದೂರು ಕೊಡಿ.

ಅಂಗಡಿಗೆ ಹೋಗುವವರು ಮೊಬೈಲಿನಲ್ಲಿ ತೆಗೆದ ಒಂದು ಕತ್ತಲ ವೀಡಿಯೊವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಗೇಮ್ ಆಡುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅವರ ಮಾತನ್ನೂ ಕೇಳಿ. ನಿಮ್ಮ ಪೆನ್‌ಡ್ರೈವ್ ಹಾಕಿ ನೋಡಲು ಬಿಡದ ಅಂಗಡಿಯಲ್ಲಿ, ಎಷ್ಟೇ ರಿಯಾಯಿತಿ ಕೊಟ್ಟರೂ ಟಿವಿ ಕೊಳ್ಳಬೇಡಿ.